ಅಡುಗೆ ಸೋಡಾ ಮತ್ತು ಮನೆಯ ದ್ರವಗಳು: ನೊರೆ ಇಳಿದ ಮೇಲೆ ಪಾತ್ರೆಯಲ್ಲಿ ಉಳಿಯುವುದೇನು?

ಅಡುಗೆ ಸೋಡಾದ ಮೇಲೆ ನಿಂಬೆ ರಸ ಹಿಂಡಿದರೆ ಬುಸ್ಸೆಂದು ನೊರೆ ಏಳುತ್ತದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಎಷ್ಟು ಸೋಡಾಕ್ಕೆ ಎಷ್ಟು ಹುಳಿ ಬೇಕು, ನೊರೆ ಅಡಗಿದ ಬಳಿಕ ಪಾತ್ರೆಯಲ್ಲಿ ಉಳಿಯುವ ದ್ರವ ಯಾವುದು, ನೊರೆಯೇ ಬಾರದ ಕಡೆ ಏನೂ ನಡೆದಿಲ್ಲವೆಂದು ಹೇಳಬಹುದೇ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಗೋಳಿ ಬಜೆ ಕಹಿಯಾಗುವುದಕ್ಕೂ, ಸಿಂಕಿಗೆ ಸುರಿದ ಸೋಡಾ ಮತ್ತು ವಿನೆಗರ್ ಎರಡೂ ವ್ಯರ್ಥವಾಗುವುದಕ್ಕೂ ಕಾರಣ ಈ ಪ್ರಶ್ನೆಗಳಲ್ಲಿಯೇ ಅಡಗಿದೆ. ಅಡುಗೆಮನೆಯಲ್ಲಿ ಇರುವ ಸಾಮಗ್ರಿಗಳಿಂದಲೇ, ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಇವನ್ನು ಒಂದೊಂದಾಗಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನಾಲ್ಕೈದು ಗಾಜಿನ ಲೋಟಗಳು, ಒಂದು ಟೀ ಚಮಚ, ಮಿಲಿಲೀಟರ್ ಗುರುತಿರುವ ಒಂದು ಅಳತೆ ಲೋಟ, ಅರಿಶಿಣ ಪುಡಿ, ಬಿಳಿಯ ಕಾಗದ ಮತ್ತು ಎಲೆ ಅಡಿಕೆಗೆ ಬಳಸುವ ಸುಣ್ಣ ಇದ್ದರೆ ಸಾಕು. ಗಾಜು ಇಲ್ಲದಿದ್ದರೆ ಸ್ಟೀಲ್ ಪಾತ್ರೆಯೂ ಆದೀತು. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಏಕೆಂದರೆ ಸೋಡಾ ನೀರನ್ನು ಅದರಲ್ಲಿ ಕುದಿಸಿದರೆ ಪಾತ್ರೆಯ ಒಳಮೈ ಕಪ್ಪಾಗುತ್ತದೆ.

ಮೊದಲು ಡಬ್ಬಿಯಲ್ಲಿರುವುದು ಯಾವ ಸೋಡಾ ಎಂದು ಖಚಿತಪಡಿಸಿಕೊಳ್ಳಿ

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ಅದು ಇದಕ್ಕಿಂತ ಹೆಚ್ಚು ತೀಕ್ಷ್ಣವಾದ ಕ್ಷಾರ, ಆಹಾರಕ್ಕೆ ಬಳಸತಕ್ಕದ್ದಲ್ಲ. ಬೇಕಿಂಗ್ ಪೌಡರ್ ಎಂಬುದು ಅಡುಗೆ ಸೋಡಾಕ್ಕೆ ಪುಡಿರೂಪದ ಆಮ್ಲವನ್ನೂ ಪಿಷ್ಟವನ್ನೂ ಬೆರೆಸಿ ಮಾಡಿದ ಮಿಶ್ರಣ. ಮೂರೂ ಬಿಳಿಯ ಪುಡಿಗಳೇ ಆದುದರಿಂದ, ಹೆಸರು ಬರೆಯದ ಡಬ್ಬಿಗೆ ಸುರಿದಿಟ್ಟರೆ ಗುರುತಿಸುವುದು ಕಷ್ಟವಾಗುತ್ತದೆ.

ಬೇಕಿಂಗ್ ಪೌಡರನ್ನು ಗುರುತಿಸುವುದು ಸುಲಭ; ಅದಕ್ಕೆ ಬಿಸಿ ನೀರು ಹಾಕಿದೊಡನೆ, ಯಾವ ಹುಳಿಯೂ ಇಲ್ಲದೆ, ಚೆನ್ನಾಗಿ ನೊರೆ ಬರುತ್ತದೆ. ಅಡುಗೆ ಸೋಡಾ ಮತ್ತು ವಾಷಿಂಗ್ ಸೋಡಾಗಳ ವಿಷಯದಲ್ಲಿ ವಿನೆಗರ್ ಹಾಕಿ ನೋಡುವುದರಿಂದ ಪ್ರಯೋಜನವಿಲ್ಲ, ಎರಡೂ ನೊರೆಯೇಳುತ್ತವೆ. ಅಲ್ಲಿ ನೆರವಿಗೆ ಬರುವುದು ಅರಿಶಿಣ. ಅರ್ಧ ಚಮಚ ಅರಿಶಿಣವನ್ನು ಸ್ವಲ್ಪ ನೀರಿನಲ್ಲಿ, ಇಲ್ಲವೇ ಇನ್ನೂ ಚೆನ್ನಾಗಿ ಬಣ್ಣ ಬಿಡಬೇಕೆಂದರೆ ಹ್ಯಾಂಡ್ ಸ್ಯಾನಿಟೈಸರಿನಲ್ಲಿ ಕಲಸಿ, ಬಿಳಿ ಕಾಗದಕ್ಕೆ ತೆಳುವಾಗಿ ಸವರಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಳ್ಳಿ. ಅಡುಗೆ ಸೋಡಾ ಕರಗಿಸಿದ ನೀರನ್ನು ಒಂದು ಹನಿ ಇಟ್ಟರೆ ಹಳದಿಯು ತುಸು ಕೆಂಪುಮಿಶ್ರಿತ ಕಿತ್ತಳೆಗೆ ತಿರುಗುತ್ತದೆ. ವಾಷಿಂಗ್ ಸೋಡಾದ ನೀರು ತಾಗಿದ ಕ್ಷಣವೇ ಅದು ಕಡುಗೆಂಪಾಗುತ್ತದೆ. ಶುಭಕಾರ್ಯಗಳಲ್ಲಿ ಆರತಿಯ ತಟ್ಟೆಗೆ ಅರಿಶಿಣದ ನೀರಿಗೆ ಸುಣ್ಣ ಬೆರೆಸಿ ಕೆಂಪು ನೀರು ಮಾಡುವಲ್ಲಿಯೂ ನಡೆಯುವುದು ಇದೇ: ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ಅಂಶವು ಕ್ಷಾರದಲ್ಲಿ ಕೆಂಪಾಗುತ್ತದೆ. ಈ ಪಟ್ಟಿಗಳು ಮುಂದೆಯೂ ಬೇಕಾಗುತ್ತವೆ, ಆದ್ದರಿಂದ ಒಂದಷ್ಟನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ವಿನೆಗರ್: ಅಳತೆ ಹಿಡಿದು ನೋಡುವ ಮೊದಲ ಪ್ರಯೋಗ

ಮೊದಲಿಗೆ ವಿನೆಗರನ್ನು ಆರಿಸಿಕೊಳ್ಳಲು ಕಾರಣವಿದೆ. ಅದರಲ್ಲಿರುವ ಅಸಿಟಿಕ್ ಆಮ್ಲದ ಪ್ರಮಾಣವನ್ನು ಬಾಟಲಿಯ ಮೇಲೆಯೇ ಮುದ್ರಿಸಿರುತ್ತಾರೆ, ಸಾಮಾನ್ಯವಾಗಿ ಶೇ. 4 ರಿಂದ 5. ಹೀಗಾಗಿ ಲೆಕ್ಕ ಹಾಕಿ, ಆ ಲೆಕ್ಕ ಸರಿಯೇ ಎಂದು ಕಣ್ಣಾರೆ ನೋಡಬಹುದು.

ಮಟ್ಟಸವಾಗಿ ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 5 ಗ್ರಾಂ ಸೋಡಾ ಹಿಡಿಯುತ್ತದೆ. ಅದನ್ನು ಒಂದು ಲೀಟರ್ ಹಿಡಿಯುವ ಪಾತ್ರೆಯ ತಳಕ್ಕೆ ಹಾಕಿ. ಶೇ. 4ರ ವಿನೆಗರನ್ನು ಅಳತೆ ಲೋಟದಲ್ಲಿ 100 ಮಿಲಿಲೀಟರ್ ತೆಗೆದುಕೊಂಡು, ಒಮ್ಮೆಗೆ 10 ಮಿಲಿಲೀಟರಿನಂತೆ ಸುರಿಯಿರಿ. ಪ್ರತಿ ಬಾರಿಯೂ ನೊರೆ ಪೂರ್ತಿ ಇಳಿಯುವವರೆಗೆ ಕಾಯ್ದು, ಚಮಚದಿಂದ ಕಲಕಿ, ಮುಂದಿನ ಅಳತೆಯನ್ನು ಹಾಕಿ. ಮೊದಮೊದಲು ನೊರೆ ಉಕ್ಕಿ ಬರುತ್ತದೆ, ಬರಬರುತ್ತ ಸೌಮ್ಯವಾಗುತ್ತದೆ, 90 ಮಿಲಿಲೀಟರಿನ ಆಸುಪಾಸಿನಲ್ಲಿ ಹೊಸ ಗುಳ್ಳೆಗಳು ಏಳುವುದು ನಿಂತುಹೋಗುತ್ತದೆ. ಐದು ಗ್ರಾಂ ಸೋಡಾಕ್ಕೆ ಸುಮಾರು ಮೂರೂವರೆ ಗ್ರಾಂ ಅಸಿಟಿಕ್ ಆಮ್ಲ ಬೇಕು, ಶೇ. 4ರ ವಿನೆಗರಿನಲ್ಲಿ ಅಷ್ಟು ಆಮ್ಲ ಸಿಗುವುದು ಹೆಚ್ಚುಕಡಿಮೆ 90 ಮಿಲಿಲೀಟರಿನಲ್ಲಿ. ಶೇ. 5ರ ವಿನೆಗರಾದರೆ 70 ಮಿಲಿಲೀಟರ್ ದಾಟುವಷ್ಟರಲ್ಲಿ ಮುಗಿಯುತ್ತದೆ. ಚಮಚದ ಗಾತ್ರವೂ ಸೋಡಾವನ್ನು ಒತ್ತಿ ತುಂಬಿದ ರೀತಿಯೂ ಬೇರೆಬೇರೆಯಾಗಿರುವುದರಿಂದ ಹತ್ತು ಮಿಲಿಲೀಟರ್ ಆಚೀಚೆ ಆದರೆ ಚಿಂತಿಸಬೇಕಿಲ್ಲ.

ಹೊರಬಂದ ಅನಿಲ ಇಂಗಾಲದ ಡೈಆಕ್ಸೈಡ್. ಒಂದು ಚಮಚ ಸೋಡಾದಿಂದ ಅದು ಸುಮಾರು ಒಂದೂವರೆ ಲೀಟರ್ ಬರುತ್ತದೆ. ಈ ಅಂಕಿಯನ್ನು ಮಕ್ಕಳಿಗೆ ಒತ್ತಿ ಹೇಳುವುದು ಅಗತ್ಯ, ಏಕೆಂದರೆ ಬಾಟಲಿಯೊಳಗೆ ಸೋಡಾ ಮತ್ತು ವಿನೆಗರ್ ಹಾಕಿ ಮುಚ್ಚಳ ಬಿಗಿಯುವ ಆಟ ನಿಜಕ್ಕೂ ಅಪಾಯಕಾರಿ. ಅರ್ಧ ಲೀಟರಿನ ಬಾಟಲಿಯಲ್ಲಿ ಅಷ್ಟೊಂದು ಅನಿಲಕ್ಕೆ ಜಾಗವಿಲ್ಲ, ಅದು ಸಿಡಿದರೆ ಕಣ್ಣಿಗೇ ಏಟು ಬೀಳಬಹುದು. ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ ಅದು ಉಬ್ಬುವುದನ್ನು ನೋಡಬಹುದು. ಮುಚ್ಚಳ ಮಾತ್ರ ಎಂದಿಗೂ ಹಾಕಕೂಡದು.

ನೊರೆ ಏಳುತ್ತಿರುವಾಗಲೇ ಪಾತ್ರೆಯ ಹೊರಮೈಯನ್ನು ಮುಟ್ಟಿ ನೋಡಿ, ಅದು ತಣ್ಣಗಾಗಿರುತ್ತದೆ. ಬುಸುಗುಡುವ ಕ್ರಿಯೆಯೆಂದರೆ ಶಾಖ ಹುಟ್ಟಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ಇಲ್ಲಿ ಅದಕ್ಕೆ ವಿರುದ್ಧವಾಗಿ ಕ್ರಿಯೆಯು ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಪುಸ್ತಕದಲ್ಲಿ ಓದುವುದಕ್ಕಿಂತ ಬೆರಳ ತುದಿಯಿಂದ ತಿಳಿದುಕೊಳ್ಳುವುದು ಹೆಚ್ಚು ಕಾಲ ಉಳಿಯುವ ಕಲಿಕೆ ಎಂದು ನಾನು ನಂಬುತ್ತೇನೆ.

ಅನಿಲದ ಗುರುತು ಹಿಡಿಯಲು ಸುಣ್ಣದ ತಿಳಿನೀರು ಬೇಕು. ಹಿಂದಿನ ರಾತ್ರಿಯೇ ಕಡಲೆಕಾಳಿನಷ್ಟು ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ, ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಅಲುಗಾಡಿಸದೆ ಬಸಿದುಕೊಳ್ಳಿ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಆದ್ದರಿಂದ ಈ ಹಂತವನ್ನು ಹಿರಿಯರೇ ಮಾಡಬೇಕು. ತಿಳಿನೀರನ್ನು ಎರಡು ಚಮಚದಷ್ಟು ಒಂದು ಗಾಜಿನ ಜಾಡಿಗೆ ಹಾಕಿ, ನೊರೆ ಏಳುತ್ತಿರುವ ಪಾತ್ರೆಯನ್ನು ಅದರ ಬಾಯಿಯ ಮೇಲೆ ದ್ರವ ಚೆಲ್ಲದಷ್ಟು ಮಾತ್ರ ಓರೆಯಾಗಿ ಹಿಡಿಯಿರಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ಕಣ್ಣಿಗೆ ಕಾಣದಿದ್ದರೂ ಕೆಳಗಿನ ಜಾಡಿಗೆ ಇಳಿಯುತ್ತದೆ. ಆಮೇಲೆ ಜಾಡಿಯನ್ನು ಮುಚ್ಚಿ ಕುಲುಕಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ನುಣ್ಣನೆಯ ಕಣಗಳು. ಅನಿಲವನ್ನು ಇನ್ನೂ ಹೆಚ್ಚಾಗಿ ಬೆರೆಸುತ್ತ ಹೋದರೆ ಬಿಳುಪು ಮತ್ತೆ ಕರಗಿ ನೀರು ತಿಳಿಯಾಗುವುದೂ ಉಂಟು.

ನಿಂಬೆ, ಮಜ್ಜಿಗೆ, ಹುಣಸೆ: ಅಡುಗೆಗೆ ಸಂಬಂಧಿಸಿದ ಅಳತೆ

ನಿಂಬೆ ರಸದಲ್ಲಿ ಸುಮಾರು ಶೇ. 5 ರಿಂದ 6ರಷ್ಟು ಸಿಟ್ರಿಕ್ ಆಮ್ಲವಿರುತ್ತದೆ. ನಾಲ್ಕು ಟೀ ಚಮಚ, ಎಂದರೆ 20 ಮಿಲಿಲೀಟರ್ ರಸ ಸಿಕ್ಕರೆ, ಅದು ಸುಮಾರು ಒಂದೂವರೆ ಗ್ರಾಂ ಸೋಡಾವನ್ನು, ಅಂದರೆ ಟೀ ಚಮಚದ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆಯನ್ನು ಮಾತ್ರ ತಟಸ್ಥಗೊಳಿಸಬಲ್ಲದು. ಅದಕ್ಕಿಂತ ಹೆಚ್ಚು ಹಾಕಿದ ಸೋಡಾ ಹಾಗೆಯೇ ಉಳಿದು, ಸಾಬೂನಿನ ರುಚಿಯನ್ನು ಕೊಡುತ್ತದೆ.

ಮಜ್ಜಿಗೆಯಲ್ಲಿ ಈ ಅಳತೆ ಇನ್ನೂ ಸೂಕ್ಷ್ಮ. ಅದರ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವು ಹುಳಿ ಮಜ್ಜಿಗೆಯಲ್ಲಿಯೂ ಶೇ. 1ರ ಒಳಗೇ ಇರುವುದು ಸಾಮಾನ್ಯ. ಹೀಗಾಗಿ 100 ಮಿಲಿಲೀಟರ್ ಹುಳಿ ಮಜ್ಜಿಗೆಗೆ ಮುಕ್ಕಾಲು ಗ್ರಾಂ ಸೋಡಾ, ಎಂದರೆ ಟೀ ಚಮಚದ ಆರನೆಯ ಒಂದು ಭಾಗ ಹಾಕಿದರೆ ಹುಳಿಯೆಲ್ಲ ಮುಗಿದುಹೋಗುತ್ತದೆ. ಗೋಳಿ ಬಜೆಗೂ ಮಂಗಳೂರು ಬನ್ಸಿಗೂ ಮೊಸರು ಹುಳಿಯಾಗಿರಬೇಕು, ಸೋಡಾ ಚಿಟಿಕೆಯಷ್ಟೇ ಸಾಕು ಎಂದು ಕರಾವಳಿಯ ಮನೆಗಳಲ್ಲಿ ಹೇಳುವುದರ ಹಿಂದೆ ಇರುವುದು ಈ ಲೆಕ್ಕವೇ. ಮೊಸರು ಹುಳಿಯಾಗಿರದಿದ್ದರೆ, ಉಬ್ಬಲಿ ಎಂದು ಸೋಡಾ ಹೆಚ್ಚಿಸುವುದು ತಪ್ಪು ದಾರಿ. ತುಸು ನಿಂಬೆ ರಸ ಸೇರಿಸುವುದು ಸರಿಯಾದ ದಾರಿ. ಸೋಡಾ ಸರಿಯಾಗಿ ಕರಗದೆ ಉಂಡೆಯಾಗಿ ಉಳಿದ ಕಡೆ ಹಳದಿ ಮಚ್ಚೆಗಳೂ ಕಹಿಯೂ ಕಾಣಿಸುತ್ತವೆ, ಆದುದರಿಂದ ಅದನ್ನು ಮೊದಲು ಒಂದು ಚಮಚ ನೀರಿನಲ್ಲಿ ಕರಗಿಸಿಯೇ ಹಿಟ್ಟಿಗೆ ಹಾಕಬೇಕು.

ಪ್ರಯೋಗವಾಗಿ ನೋಡುವುದಾದರೆ ಒಂದೇ ಅಳತೆಯ ಎರಡು ಲೋಟಗಳಲ್ಲಿ ಅಂದಿನ ಸಿಹಿ ಮಜ್ಜಿಗೆಯನ್ನೂ ಎರಡು ದಿನ ಹೊರಗಿಟ್ಟ ಹುಳಿ ಮಜ್ಜಿಗೆಯನ್ನೂ ಇಟ್ಟು, ಎರಡಕ್ಕೂ ಒಂದೊಂದು ಚಿಟಿಕೆ ಸೋಡಾ ಹಾಕಿ ಕಲಕಿ. ಹುಳಿ ಮಜ್ಜಿಗೆ ಮೇಲಕ್ಕೆ ಏರಿ ಹಗುರವಾದ ಬುರುಗಾಗುತ್ತದೆ, ಮತ್ತು ಆ ಬುರುಗು ವಿನೆಗರಿನ ನೊರೆಯಂತೆ ಕೂಡಲೇ ಒಡೆಯುವುದಿಲ್ಲ, ಏಕೆಂದರೆ ಹಾಲಿನ ಪ್ರೋಟೀನು ಗುಳ್ಳೆಗಳ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ಹಿಟ್ಟು ಉಬ್ಬಿ ನಿಲ್ಲಬೇಕಾದರೆ ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಜಿಗುಟೂ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹುಣಸೆ ರಸದಲ್ಲಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲವಿದೆ. ಅದೂ ಚೆನ್ನಾಗಿ ನೊರೆಯೇಳುತ್ತದೆ, ಜೊತೆಗೆ ರಸದ ಬಣ್ಣ ಕಪ್ಪೇರುತ್ತದೆ. ಜಠರದ ಹುಳಿಗೆ ನೀರಿನಲ್ಲಿ ಬೆರೆಸಿ ಕುಡಿಯುವ ಇನೋದಂತಹ ಪುಡಿಗಳಲ್ಲಿ ಸೋಡಾ ಮತ್ತು ಸಿಟ್ರಿಕ್ ಆಮ್ಲ ಎರಡೂ ಒಣಗಿದ ರೂಪದಲ್ಲಿ ಒಟ್ಟಿಗೇ ಇದ್ದರೂ ಪೊಟ್ಟಣದಲ್ಲಿ ಏನೂ ಆಗುವುದಿಲ್ಲ. ನೀರು ತಾಗಿ ಕರಗಿದಾಗಲೇ ಕ್ರಿಯೆ ಆರಂಭವಾಗುತ್ತದೆ. ಇಲ್ಲಿ ಆರೋಗ್ಯದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,300 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದೆ, ಆದರೆ ದಿನವೊಂದಕ್ಕೆ 2,000 ಮಿಲಿಗ್ರಾಂ ಒಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಇರುವವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೋಡಾ ನೀರನ್ನು ಔಷಧಿಯಂತೆ ಕುಡಿಯಲೇಬಾರದು.

ಬರಿಯ ನೀರು ಮತ್ತು ಕುದಿಯುವ ನೀರು

ತಣ್ಣೀರಿಗೆ ಸೋಡಾ ಹಾಕಿದರೆ ನೊರೆ ಬರುವುದಿಲ್ಲ, ಅದು ಸುಮ್ಮನೆ ಕರಗುತ್ತದೆ. ಅದಕ್ಕೂ ಒಂದು ಮಿತಿಯಿದೆ: ಸಾಧಾರಣ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 10 ಗ್ರಾಂ, ಅಂದರೆ ಎರಡು ಟೀ ಚಮಚ ಕರಗಿದ ಮೇಲೆ ಉಳಿದದ್ದು ತಳದಲ್ಲಿಯೇ ಕೂರುತ್ತದೆ.

ಕುದಿಯುವ ನೀರಿನ ಕಥೆ ಬೇರೆ, ಮತ್ತು ಈ ಇಡೀ ಲೇಖನದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಪ್ರಯೋಗ ಇದು. ಒಂದು ಲೋಟ ನೀರಿನಲ್ಲಿ ಒಂದು ಚಮಚ ಸೋಡಾ ಕರಗಿಸಿ, ಅರ್ಧವನ್ನು ತೆಗೆದಿಟ್ಟು, ಉಳಿದರ್ಧವನ್ನು ಸ್ಟೀಲ್ ಪಾತ್ರೆಯಲ್ಲಿ ಹದಿನೈದು ನಿಮಿಷ ಹದವಾದ ಉರಿಯಲ್ಲಿ ಕುದಿಸಿ. ಹುಳಿಯ ಹನಿಯೂ ಇಲ್ಲದೆ ಸಣ್ಣ ಸಣ್ಣ ಗುಳ್ಳೆಗಳು ಸತತವಾಗಿ ಏಳುವುದನ್ನು, ಅದೂ ನೀರು ಕುದಿಯುವುದಕ್ಕೆ ಮೊದಲೇ, ಕಾಣಬಹುದು. ಕುದಿದದ್ದು ಆರಿದ ಬಳಿಕ ಎರಡನ್ನೂ ಅರಿಶಿಣದ ಪಟ್ಟಿಯ ಮೇಲೆ ಅಕ್ಕಪಕ್ಕದಲ್ಲಿ ಒಂದೊಂದು ಹನಿ ಇಟ್ಟು ನೋಡಿ. ಕುದಿಸದ ನೀರು ಮಂಕಾದ ಕಿತ್ತಳೆ ಕಲೆಯನ್ನು ಮೂಡಿಸಿದರೆ ಕುದಿಸಿದ ನೀರು ಕೆಂಪಾದ ಕಲೆಯನ್ನು ಮೂಡಿಸುತ್ತದೆ. ಶಾಖಕ್ಕೆ ಬೈಕಾರ್ಬೊನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಹೊರಹೋಗಿ, ದ್ರವದಲ್ಲಿ ವಾಷಿಂಗ್ ಸೋಡಾದ ಅಂಶ ಹೆಚ್ಚಿದೆ ಎಂಬುದಕ್ಕೆ ಇದು ಸಾಕ್ಷಿ. ಪಾತ್ರೆಯ ಜಿಡ್ಡು ತೆಗೆಯಲು ಸೋಡಾವನ್ನು ಬಿಸಿ ನೀರಿನೊಂದಿಗೆ ಬಳಸಿದರೆ ಕೆಲಸ ಚೆನ್ನಾಗಿ ಆಗುವುದಕ್ಕೆ ಇದೂ ಒಂದು ಕಾರಣ.

ಬೋರ್‌ವೆಲ್ ನೀರನ್ನು ಬಳಸುವ ಮನೆಗಳಲ್ಲಿ ಇದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಾಣಬಹುದು. ನೀರು ಗಡಸಾಗಿದ್ದರೆ, ಸೋಡಾ ಹಾಕಿ ಕುದಿಸಿದಾಗ ಅದು ಮಬ್ಬಾಗಿ, ತಳದಲ್ಲಿ ಬಿಳಿಯ ಗಷ್ಟು ಇಳಿಯುತ್ತದೆ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಹೀಗೆ ಕಾರ್ಬೊನೇಟಾಗಿ ಹೊರಬಂದಿರುತ್ತದೆ.

ಹಾಲು, ಚಹಾ, ತಂಪು ಪಾನೀಯ, ಎಣ್ಣೆ

ತಾಜಾ ಹಾಲು ಬಹಳ ಸ್ವಲ್ಪ ಮಾತ್ರ ಆಮ್ಲೀಯವಾದುದರಿಂದ ಸೋಡಾ ಹಾಕಿದರೆ ನೊರೆ ಕಾಣುವುದಿಲ್ಲ. ಆದರೂ ಒಳಗೆ ಬದಲಾವಣೆ ನಡೆದಿರುತ್ತದೆ: ಇದ್ದ ಅಲ್ಪ ಹುಳಿಯನ್ನೂ ಸೋಡಾ ತಗ್ಗಿಸಿರುತ್ತದೆ. ಬೆಲ್ಲದ ಪಾಯಸಕ್ಕೆ ಹಾಲು ಹಾಕಿದಾಗ ಒಡೆಯದಿರಲೆಂದು ಕೆಲವರು ಒಂದು ಚಿಟಿಕೆ ಸೋಡಾ ಹಾಕುವುದು ಇದೇ ಗುಣವನ್ನು ನಂಬಿ. ಬೆಲ್ಲದ ಹುಳಿಯನ್ನು ಅದು ತಗ್ಗಿಸುತ್ತದೆ. ಮಾರಾಟದ ಹಾಲಿಗೆ ಸೋಡಾ ಬೆರೆಸುವುದು ಮಾತ್ರ ಕಲಬೆರಕೆ. ಹುಳಿಯುತ್ತಿರುವ ಹಾಲಿಗೆ ಸೋಡಾ ಹಾಕಿದರೆ ಅದು ಕಾಯಿಸಿದಾಗ ಒಡೆಯದಿರಬಹುದು, ಆದರೆ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಎಲ್ಲಿಯೂ ಹೋಗಿರುವುದಿಲ್ಲ. ಕೆಟ್ಟಿರುವುದರ ಸೂಚನೆಯನ್ನಷ್ಟೇ ಅಳಿಸಿದಂತಾಗುತ್ತದೆ. ಇಂತಹ ಬೆರಕೆಯನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ರೊಸಾಲಿಕ್ ಆಮ್ಲದ ಪರೀಕ್ಷೆ ಮಾಡುತ್ತಾರೆ, ಬೆರಕೆಯಿದ್ದರೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಹಾಲಿಲ್ಲದ ಚಹಾದಲ್ಲಿ ನೊರೆಯ ಬದಲು ಬಣ್ಣವನ್ನು ನೋಡಬೇಕು. ಒಂದೇ ಡಿಕಾಕ್ಷನ್ನನ್ನು ಮೂರು ಲೋಟಗಳಿಗೆ ಹಂಚಿ, ಒಂದನ್ನು ಹಾಗೆಯೇ ಬಿಟ್ಟು, ಒಂದಕ್ಕೆ ನಿಂಬೆ ರಸವನ್ನೂ ಇನ್ನೊಂದಕ್ಕೆ ಚಿಟಿಕೆ ಸೋಡಾವನ್ನೂ ಹಾಕಿದರೆ ನಿಂಬೆಯದು ತಿಳಿಯಾಗುತ್ತದೆ, ಸೋಡಾದ್ದು ಕಪ್ಪಿಡುತ್ತದೆ. ಕಪ್ಪಿಟ್ಟ ಲೋಟಕ್ಕೆ ಹನಿಹನಿಯಾಗಿ ನಿಂಬೆ ರಸ ಹಾಕುತ್ತ ಹೋದರೆ ಬಣ್ಣ ಮತ್ತೆ ತಿಳಿಯಾಗುತ್ತ ಬರುತ್ತದೆ.

ತಂಪು ಪಾನೀಯಕ್ಕೆ ಸೋಡಾ ಹಾಕಿದಾಗ ಉಕ್ಕುವ ನೊರೆಯನ್ನು ಕಂಡು ಅದೆಲ್ಲವೂ ರಾಸಾಯನಿಕ ಕ್ರಿಯೆಯ ಫಲವೆಂದು ತೀರ್ಮಾನಿಸುವ ಮೊದಲು, ಇನ್ನೊಂದು ಲೋಟ ಪಾನೀಯಕ್ಕೆ ಅಷ್ಟೇ ಅಳತೆಯ ಪುಡಿ ಉಪ್ಪು ಹಾಕಿ ನೋಡಿ. ಉಪ್ಪು ಆಮ್ಲದೊಂದಿಗೆ ವರ್ತಿಸುವುದಿಲ್ಲ, ಆದರೂ ನೊರೆ ಉಕ್ಕುತ್ತದೆ. ಪಾನೀಯದಲ್ಲಿ ಒತ್ತಡದಿಂದ ಮೊದಲೇ ಕರಗಿಸಿಟ್ಟಿದ್ದ ಅನಿಲವು ಪುಡಿಯ ಕಣಗಳ ಮೇಲೆ ಗುಳ್ಳೆಕಟ್ಟಿ ಹೊರಬರುವುದೇ ಇದಕ್ಕೆ ಕಾರಣ. ಸೋಡಾ ಹಾಕಿದ ಲೋಟದಲ್ಲಿ ಈ ಅನಿಲದ ಜೊತೆಗೆ ಪಾನೀಯದ ಆಮ್ಲದಿಂದ ಹೊಸದಾಗಿ ಹುಟ್ಟಿದ ಅನಿಲವೂ ಸೇರಿರುತ್ತದೆ. ಹೀಗೆ ಹೋಲಿಸಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುವುದು ಹತ್ತು ಜ್ವಾಲಾಮುಖಿಯ ಮಾದರಿಗಳನ್ನು ಮಾಡಿಸುವುದಕ್ಕಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಅಡುಗೆ ಎಣ್ಣೆಯಲ್ಲಿ ಸೋಡಾ ಕರಗುವುದೂ ಇಲ್ಲ, ನೊರೆಯೇಳುವುದೂ ಇಲ್ಲ, ತಳಕ್ಕಿಳಿದು ಕೂರುತ್ತದೆ.

ಶುಚಿಗೊಳಿಸುವ ದ್ರವಗಳು: ಇಲ್ಲಿ ಪ್ರಯೋಗ ಬೇಡ

ಸಿಂಕಿನ ಕೊಳವೆಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದರೆ ಕೊಳೆಯೆಲ್ಲ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮೊದಲ ಪ್ರಯೋಗದ ಪಾತ್ರೆಯಲ್ಲಿ ಉಳಿದ ದ್ರವವನ್ನು ಅರಿಶಿಣದ ಪಟ್ಟಿಗೆ ಹಾಕಿ ನೋಡಿದರೆ ಇದರ ಸತ್ಯಾಸತ್ಯ ತಿಳಿಯುತ್ತದೆ: ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಸೋಡಾದ ಕ್ಷಾರವೂ ವಿನೆಗರಿನ ಹುಳಿಯೂ ಒಂದನ್ನೊಂದು ಕಳೆದುಕೊಂಡು, ಉಳಿದಿರುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಅದಕ್ಕೆ ಜಿಡ್ಡು ತೆಗೆಯುವ ಶಕ್ತಿಯಾಗಲಿ, ಗಡಸು ನೀರಿನ ಕಲೆ ಕರಗಿಸುವ ಶಕ್ತಿಯಾಗಲಿ ಇಲ್ಲವೆಂದೇ ಹೇಳಬೇಕು. ನೊರೆಯ ತಳ್ಳಾಟಕ್ಕೆ ಸಡಿಲವಾದ ಕಸ ಅಲ್ಪಸ್ವಲ್ಪ ಕದಲಬಹುದು, ಅಷ್ಟೇ. ಎರಡನ್ನೂ ಬೇರೆಬೇರೆಯಾಗಿ ಬಳಸುವುದೇ ಸರಿ: ಜಿಡ್ಡಿಗೆ ಸೋಡಾ ಮತ್ತು ಬಿಸಿ ನೀರು, ನಲ್ಲಿಯ ಮೇಲಿನ ಬಿಳಿಯ ಕಲೆಗೆ ವಿನೆಗರ್ ನೆನೆಸಿದ ಬಟ್ಟೆ.

ಶೌಚಾಲಯ ತೊಳೆಯುವ ದ್ರವಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದಿಂದ ಮಾಡಿದವು. ಅವುಗಳಿಗೆ ಸೋಡಾ ಬೆರೆಸಿದರೆ ರಭಸದಿಂದ ನೊರೆಯೆದ್ದು, ಆಮ್ಲದ ಹನಿಗಳು ಮುಖಕ್ಕೂ ಕಣ್ಣಿಗೂ ಸಿಡಿಯುತ್ತವೆ. ಅದಕ್ಕಿಂತ ಘೋರವಾದದ್ದು ಆಮ್ಲ ಮತ್ತು ಬ್ಲೀಚ್ ಸೇರುವುದು: ವಿನೆಗರಾಗಲಿ ಶೌಚಾಲಯದ ದ್ರವವಾಗಲಿ ಬ್ಲೀಚಿನೊಂದಿಗೆ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಸೋಡಾ ಮತ್ತು ವಿನೆಗರಿನ ಆಟ ನೋಡಿದ ಮಕ್ಕಳು ಬಚ್ಚಲುಮನೆಯ ಬಾಟಲಿಗಳನ್ನೂ ಬೆರೆಸಿ ನೋಡಲು ಹೊರಡುವುದು ಸಹಜ, ಆದುದರಿಂದ ಆ ಬಾಟಲಿಗಳನ್ನು ಕೈಗೆಟುಕದ ಕಡೆ ಇಟ್ಟ ಮೇಲೆಯೇ ಈ ಪ್ರಯೋಗಗಳನ್ನು ಆರಂಭಿಸಿ.

ಎಲ್ಲವೂ ಮುಗಿದ ಬಳಿಕ ಸೋಡಾ, ವಿನೆಗರ್ ಮತ್ತು ನಿಂಬೆಯ ಮಿಶ್ರಣಗಳನ್ನು ಹೆಚ್ಚು ನೀರಿನೊಂದಿಗೆ ಸಿಂಕಿಗೆ ಸುರಿಯಬಹುದು. ಗಿಡಗಳ ಬುಡಕ್ಕೆ ಸುರಿಯಬೇಡಿ. ಸೋಡಿಯಂ ಸೇರಿದ ಮಣ್ಣಿನಲ್ಲಿ, ಅದರಲ್ಲೂ ಕುಂಡದಷ್ಟು ಕಡಿಮೆ ಮಣ್ಣಿನಲ್ಲಿ, ಬೇರು ನೀರು ಹೀರುವುದು ಕಷ್ಟವಾಗುತ್ತದೆ. ಸುಣ್ಣದ ನೀರು ಮುಟ್ಟಿದ ಜಾಡಿಯನ್ನು ವಿನೆಗರ್ ಹಾಕಿ ಉಜ್ಜಿ, ಎರಡು ಸಲ ನೀರಿನಲ್ಲಿ ತೊಳೆದರೆ ಬಿಳಿಯ ಪೊರೆ ಉಳಿಯುವುದಿಲ್ಲ. ಉಳಿದ ಸೋಡಾವನ್ನು ತೇವ ತಾಗದಂತೆ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲಲ್ಲದೆ ಡಬ್ಬಿಯ ಮೈಮೇಲೆಯೇ ಹೆಸರು ಬರೆದಿಡಿ; ಮುಚ್ಚಳಗಳು ಅದಲುಬದಲಾಗುತ್ತವೆ.